ಕಡಲ ಕೆಸರಿನಿಂದ ಔಷಧಿ ಅಂಗಡಿಯವರೆಗೆ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಸಮುದ್ರದ ಬ್ಯಾಕ್ಟೀರಿಯಾ ಒಂದರಿಂದ ಹೊಸ ಆ್ಯಂಟಿಬಯಾಟಿಕ್ ಸಿಕ್ಕಿದೆ, ಯಾವ ಔಷಧಕ್ಕೂ ಬಗ್ಗದ ಸೋಂಕುಗಳನ್ನು ಅದು ಮಣಿಸಲಿದೆ ಎಂಬ ಧಾಟಿಯ ಸುದ್ದಿಗಳು ನಮ್ಮ ಪತ್ರಿಕೆಗಳಲ್ಲಿ ಆಗಾಗ ಪ್ರಕಟವಾಗುತ್ತವೆ. ಸೂಕ್ಷ್ಮಜೀವಿಶಾಸ್ತ್ರವನ್ನು ಪಾಠ ಮಾಡಿ ನಿವೃತ್ತನಾಗಿರುವ ನನಗೆ ಇಂಥ ಸುದ್ದಿ ಖುಷಿ ಕೊಡುವುದು ಸಹಜ. ಆದರೆ ಅವುಗಳನ್ನು ಓದಿದ ನೆರೆಹೊರೆಯವರು, 'ಆ ಮಾತ್ರೆ ನಮ್ಮ ಊರಿಗೆ ಯಾವಾಗ ಬರುತ್ತದೆ ಮಾಷ್ಟ್ರೇ' ಎಂದು ಕೇಳಿದಾಗ ಉತ್ತರ ಹೇಳುವುದು ಕಷ್ಟವಾಗುತ್ತದೆ. ಪ್ರಯೋಗಾಲಯದ ತಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇನ್ನೊಂದನ್ನು ಕೊಂದಿತು ಎಂಬುದಷ್ಟೇ ಬಹುಪಾಲು ಸುದ್ದಿಗಳ ಹೂರಣ. ಅಲ್ಲಿಂದ ರೋಗಿಯ ಕೈಗೆ ಔಷಧ ಸೇರುವ ನಡುವೆ ಏನೇನು ನಡೆಯಬೇಕು, ಎಷ್ಟೋ ಸಲ ಯಾಕೆ ನಡೆಯುವುದಿಲ್ಲ ಎಂಬ ಭಾಗವನ್ನು ಸುದ್ದಿ ಮುಟ್ಟುವುದೇ ಇಲ್ಲ. ಸೋಲು ಇರುವುದು ಆ ಭಾಗದಲ್ಲಿ. ನಮ್ಮ ರಾಜ್ಯ ಏನಾದರೂ ಮಾಡಬಹುದಾದದ್ದೂ ಅಲ್ಲಿಯೇ.

ಮೊದಲಿಗೆ, ಕಡಲನ್ನೇ ಏಕೆ ಹುಡುಕುತ್ತಾರೆ ಎಂಬುದನ್ನು ಹೇಳಬೇಕು. ಇಂದು ಬಳಕೆಯಲ್ಲಿರುವ ಆ್ಯಂಟಿಬಯಾಟಿಕ್‌ಗಳಲ್ಲಿ ಬಹುಪಾಲಿನ ಮೂಲ ನೆಲದ ಮಣ್ಣು. 1943ರಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಸ್ ಕಂಡುಹಿಡಿದ ಸ್ಟ್ರೆಪ್ಟೊಮೈಸಿನ್ ಮಣ್ಣಿನ ಬ್ಯಾಕ್ಟೀರಿಯಾ ತಯಾರಿಸುವ ವಸ್ತು. ಎರಿತ್ರೊಮೈಸಿನ್‌ನ ಮೂಲ ಫಿಲಿಪ್ಪೀನ್ಸಿನ ಮಣ್ಣು, ವ್ಯಾಂಕೊಮೈಸಿನ್‌ನದು ಬೋರ್ನಿಯೋ ದ್ವೀಪದ ಮಣ್ಣು. ಮೊದಲ ಮಳೆಗೆ ನೆಲದಿಂದ ಏಳುವ ಆ ಪರಿಮಳಕ್ಕೆ ಕಾರಣವಾದ ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳೇ ಈ ಔಷಧಗಳಲ್ಲಿ ಹೆಚ್ಚಿನವನ್ನು ಕೊಟ್ಟಿವೆ. 1940ರಿಂದ 60ರ ದಶಕದವರೆಗೆ ಔಷಧ ಕಂಪನಿಗಳು ಜಗತ್ತಿನ ಮೂಲೆಮೂಲೆಯ ಮಣ್ಣನ್ನು ತರಿಸಿ ಜಾಲಾಡಿದವು. ಆಮೇಲೆ ಸಿಕ್ಕಿದ್ದೇ ಮತ್ತೆ ಮತ್ತೆ ಸಿಗತೊಡಗಿತು. ತಿಂಗಳುಗಟ್ಟಲೆ ದುಡಿದು ಶುದ್ಧೀಕರಿಸಿದ ವಸ್ತು ಎಂದೋ ಗೊತ್ತಿದ್ದ ಔಷಧವೇ ಎಂದು ಕೊನೆಗೆ ತಿಳಿದರೆ ಯಾವ ಕಂಪನಿಯೂ ಆ ಕೆಲಸಕ್ಕೆ ಹಣ ಸುರಿಯುವುದಿಲ್ಲ. ಇತ್ತ ರೋಗಾಣುಗಳು ಸುಮ್ಮನೆ ಕೂರಲಿಲ್ಲ. ಮೆಥಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಬಳಕೆಗೆ ಬಂದು ಎರಡು ವರ್ಷ ಕಳೆಯುವುದರೊಳಗೆ, 1961ರಲ್ಲಿ, ಅದಕ್ಕೆ ಬಗ್ಗದ ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣು ವರದಿಯಾಯಿತು.

ಸಮುದ್ರದಲ್ಲಿ ಪರಿಸ್ಥಿತಿ ಬೇರೆ. ಮೇಲ್ಮೈಯ ಒಂದು ಮಿಲಿಲೀಟರ್ ನೀರಿನಲ್ಲಿ ಸುಮಾರು 10 ಲಕ್ಷ ಬ್ಯಾಕ್ಟೀರಿಯಾಗಳಿರುತ್ತವೆ, ತಳದ ಕೆಸರಿನಲ್ಲಿ ಇನ್ನೂ ಹೆಚ್ಚು. ಉಪ್ಪು, ಒತ್ತಡ, ಚಳಿ, ಆಹಾರದ ಅಭಾವ ಇವೆಲ್ಲವನ್ನೂ ತಾಳಿಕೊಂಡು ಬದುಕುವ ಇವು ನೆಲದ ಬಳಗ ಮಾಡದ ರಾಸಾಯನಿಕಗಳನ್ನು ತಯಾರಿಸುತ್ತವೆ. ಸಮುದ್ರದ ನೀರಿನಲ್ಲಿ ಕ್ಲೋರಿನ್ ಮತ್ತು ಬ್ರೋಮಿನ್ ಧಾರಾಳವಾಗಿರುವುದರಿಂದ ಅವನ್ನು ತಮ್ಮ ಅಣುಗಳಲ್ಲಿ ಸೇರಿಸಿಕೊಳ್ಳುವ ಕಸುಬು ಇವಕ್ಕೆ ಚೆನ್ನಾಗಿ ಒಲಿದಿದೆ. ಸಮುದ್ರ ಬ್ಯಾಕ್ಟೀರಿಯಾದಿಂದ ಪ್ರತ್ಯೇಕಿಸಿ, ರಚನೆಯನ್ನೂ ಗುರುತಿಸಲಾದ ಮೊದಲ ಆ್ಯಂಟಿಬಯಾಟಿಕ್ ಇದಕ್ಕೆ ಒಳ್ಳೆಯ ಉದಾಹರಣೆ. 1966ರಲ್ಲಿ ಪಾಲ್ ಬರ್ಕ್‌ಹೋಲ್ಡರ್ ಮತ್ತು ಅವರ ಸಂಗಡಿಗರು ಪೋರ್ಟೊ ರಿಕೊ ಕರಾವಳಿಯ ಕಡಲಹುಲ್ಲಿನ ಮೇಲಿದ್ದ ಬ್ಯಾಕ್ಟೀರಿಯಾದಿಂದ ತೆಗೆದ ಪೆಂಟಾಬ್ರೊಮೊಸ್ಯೂಡಿಲಿನ್ ಎಂಬ ಆ ವಸ್ತುವಿನ ತೂಕದಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಭಾಗ ಬ್ರೋಮಿನ್. ರೋಗಾಣುಗಳನ್ನು ಅದು ಸೊಗಸಾಗಿ ಕೊಲ್ಲುತ್ತಿತ್ತು. ಆದರೆ ಔಷಧವಾಗಲಿಲ್ಲ, ಏಕೆಂದರೆ ಪ್ರಾಣಿಗಳ ಜೀವಕೋಶಕ್ಕೂ ಅದು ವಿಷವೇ. ಇದೇ ಮಾತನ್ನು ಮುಂದಿನ ಹಲವು ಸಂಶೋಧನೆಗಳ ಬಗ್ಗೆಯೂ ಸ್ವಲ್ಪ ಹೆಚ್ಚುಕಡಿಮೆ ಮಾಡಿ ಹೇಳಬೇಕಾಗುತ್ತದೆ.

ಕಡಲ ದಂಡೆಯಿಂದ ಬಂದು ನಿಜಕ್ಕೂ ಜಗತ್ತನ್ನು ಗೆದ್ದದ್ದು ಒಂದಿದೆ. ಅದರ ಮೂಲ ಬ್ಯಾಕ್ಟೀರಿಯಾ ಅಲ್ಲ, ಒಂದು ಬೂಸ್ಟು. ಅದನ್ನು ಅಪ್ಪಟ ಕಡಲವಾಸಿ ಎನ್ನುವುದೂ ಕಷ್ಟ. ಆದರೂ ಅದರ ಕಥೆಯನ್ನು ತುಸು ವಿವರವಾಗಿ ಹೇಳುವುದು ಅಗತ್ಯ. 1945ರಲ್ಲಿ ಇಟಲಿಯ ಸಾರ್ಡಿನಿಯಾ ದ್ವೀಪದ ಕಾಲ್ಯಾರಿ ನಗರದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ಪ್ರಾಧ್ಯಾಪಕರು ಊರಿನ ಚರಂಡಿ ನೀರು ಸಮುದ್ರ ಸೇರುವ ಜಾಗದಲ್ಲಿ ನೀರಿನ ಮಾದರಿ ತೆಗೆದರು. ಹೊಲಸು ಬಂದು ಬೀಳುವ ಕಡೆಯಲ್ಲೂ ಟೈಫಾಯಿಡ್ ರೋಗಾಣು ಹೇಗೋ ಹತೋಟಿಯಲ್ಲಿದೆ, ಅಲ್ಲಿ ಅದರ ವೈರಿ ಯಾವುದೋ ಇರಬೇಕು ಎಂಬುದು ಅವರ ಊಹೆ. ಸಿಕ್ಕಿದ್ದು ಸೆಫಲೊಸ್ಪೋರಿಯಂ ಎಂಬ ಶಿಲೀಂಧ್ರ. ತಮ್ಮಲ್ಲಿ ಸೌಲಭ್ಯವಿಲ್ಲದ್ದರಿಂದ ಅವರು ಅದನ್ನು ಆಕ್ಸ್‌ಫರ್ಡಿಗೆ ಕಳುಹಿಸಿಕೊಟ್ಟರು. ಅಲ್ಲಿ ಎಡ್ವರ್ಡ್ ಅಬ್ರಹಾಂ ಮತ್ತು ಗೈ ನ್ಯೂಟನ್ ವರ್ಷಗಟ್ಟಲೆ ಕೂತು ಸೆಫಲೊಸ್ಪೋರಿನ್ ಸಿ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಅಣುವನ್ನು ಅಲ್ಲಲ್ಲಿ ಮಾರ್ಪಡಿಸಿ ತಯಾರಿಸಿದ ಮೊದಲ ಔಷಧ ಮಾರುಕಟ್ಟೆಗೆ ಬಂದದ್ದು 1964ರಲ್ಲಿ. ಇಂದು ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿ ದಿನವೂ ಚುಚ್ಚುವ ಸೆಫ್ಟ್ರಿಯಾಕ್ಸೋನ್, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಕೇಳಿ ಪಡೆಯುವ ಸೆಫಿಕ್ಸಿಮ್ ಇವೆಲ್ಲ ಆ ಮನೆತನದವೇ. ಅಂದರೆ ನೀರಿನ ಸೀಸೆಯಿಂದ ಇಂಜೆಕ್ಷನ್ನಿನ ಸೀಸೆಗೆ ಹತ್ತೊಂಬತ್ತು ವರ್ಷ ಹಿಡಿಯಿತು. ಆ ಅವಧಿಯಲ್ಲಿ ಒಂದು ಸಣ್ಣ ಊರಿನ ಕುತೂಹಲ, ಇನ್ನೊಂದು ದೇಶದ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ, ಸರ್ಕಾರದ ಹಣ, ದೊಡ್ಡ ಕಂಪನಿಗಳ ಕಾರ್ಖಾನೆ ಎಲ್ಲವೂ ಒಂದರ ಹಿಂದೊಂದು ಕೈಜೋಡಿಸಿದ್ದವು. ನಡುವೆ ಒಬ್ಬರು ಕೈಬಿಟ್ಟಿದ್ದರೂ ಬ್ರೋಟ್ಸು ಅವರ ಬೂಸ್ಟು ಕಾಲ್ಯಾರಿಯ ಕಪಾಟಿನಲ್ಲೇ ಒಣಗಿಹೋಗುತ್ತಿತ್ತು.

ಈಗ ಇತ್ತೀಚಿನ ಶೋಧಗಳನ್ನು ನೋಡೋಣ. 2004ರಲ್ಲಿ ಜಪಾನ್ ಸಮುದ್ರದ 289 ಮೀಟರ್ ಆಳದ ಕೆಸರಿನಲ್ಲಿದ್ದ ಆ್ಯಕ್ಟಿನೊಮೈಸಿಟ್ ಎಂಬ ಗುಂಪಿನ ಬ್ಯಾಕ್ಟೀರಿಯಾದಿಂದ ಜರ್ಮನಿಯ ವಿಜ್ಞಾನಿಗಳು ಅಬಿಸೊಮೈಸಿನ್ ಸಿ ಎಂಬ ವಸ್ತುವನ್ನು ಪಡೆದರು. ಫೋಲಿಕ್ ಆಮ್ಲವನ್ನು ಬ್ಯಾಕ್ಟೀರಿಯಾ ತಾನೇ ತಯಾರಿಸಿಕೊಳ್ಳುತ್ತದೆ, ಮನುಷ್ಯ ಊಟದಿಂದ ಪಡೆಯುತ್ತಾನೆ; ಆ ತಯಾರಿಕೆಯ ಒಂದು ಮೆಟ್ಟಿಲನ್ನು ಈ ವಸ್ತು ತಡೆಯುತ್ತದೆ. ಮನುಷ್ಯನಲ್ಲಿ ಇಲ್ಲದ ಗುರಿಗೆ ಹೊಡೆಯುವ ಇಂಥ ವಸ್ತುವಿಗಾಗಿ ಔಷಧ ವಿಜ್ಞಾನಿಗಳು ಹಗಲಿರುಳು ಹುಡುಕುತ್ತಾರೆ. 2013ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ವಿಲಿಯಂ ಫೆನಿಕಲ್ ಅವರ ತಂಡ ಕ್ಯಾಲಿಫೋರ್ನಿಯಾ ಕರಾವಳಿಯ ಕೆಸರಿನಿಂದ ಆಂಥ್ರಾಸಿಮೈಸಿನ್ ತೆಗೆಯಿತು. ಆಂಥ್ರಾಕ್ಸ್ ರೋಗಾಣುವನ್ನೂ ಮೆಥಿಸಿಲಿನ್‌ಗೆ ಬಗ್ಗದ ಸ್ಟ್ಯಾಫಿಲೊಕಾಕಸ್‌ ಅನ್ನೂ ಅದು ಕೊಂದಿತು. ಮರುವರ್ಷ ಅದೇ ಸಂಸ್ಥೆಯ ಬ್ರಾಡ್ಲಿ ಮೂರ್ ಅವರ ತಂಡ ಇನ್ನೂ ಜಾಣತನದ ಕೆಲಸ ಮಾಡಿತು. ಸಮುದ್ರದ ಬ್ಯಾಕ್ಟೀರಿಯಾ ಒಂದರ ಜೀನೋಮಿನಲ್ಲಿ, ಅಂದರೆ ಅದರ ಒಟ್ಟು ಜೀನುಗಳ ಬರಹದಲ್ಲಿ, ಬರೆದಿಟ್ಟಂತೆ ಇದ್ದರೂ ಪ್ರಯೋಗಾಲಯದಲ್ಲಿ ಕೆಲಸ ಮಾಡದೆ ಸುಮ್ಮನಿದ್ದ ಜೀನುಗಳ ಗುಂಪನ್ನು ಕತ್ತರಿಸಿ ತೆಗೆದು, ಸುಲಭವಾಗಿ ಬೆಳೆಯುವ ಬೇರೊಂದು ಬ್ಯಾಕ್ಟೀರಿಯಾದಲ್ಲಿಟ್ಟು, ಟಾರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ಕನ್ನು ತಯಾರಿಸಿತು. ಇಂದು ಬಳಕೆಯಲ್ಲಿರುವ ಡ್ಯಾಪ್ಟೊಮೈಸಿನ್‌ಗೆ ಅದು ಹತ್ತಿರದ ಬಂಧು. ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಹಳೆಯ ಪದ್ಧತಿಯ ಜೊತೆಗೆ ಅದರ ಜೀನೋಮನ್ನು ಓದಿ ಏನು ಮಾಡಬಲ್ಲದು ಎಂದು ಮೊದಲೇ ಊಹಿಸುವ ಈ ಪದ್ಧತಿ ಬಂದದ್ದರಿಂದ, ಸಿಕ್ಕಿದ್ದೇ ಸಿಗುವ ಹಳೆಯ ತಾಪತ್ರಯ ಬಹುಮಟ್ಟಿಗೆ ಕಡಿಮೆಯಾಗಿದೆ.

ಇಷ್ಟೆಲ್ಲ ಆದರೂ ಅಬಿಸೊಮೈಸಿನ್ ಆಗಲಿ, ಆಂಥ್ರಾಸಿಮೈಸಿನ್ ಆಗಲಿ, ಟಾರೊಮೈಸಿನ್ ಆಗಲಿ ಇಂದಿಗೂ ಯಾವ ಔಷಧಿ ಅಂಗಡಿಯ ಕಪಾಟಿನಲ್ಲೂ ಇಲ್ಲ. ಸಮುದ್ರದ ನೀರಿಲ್ಲದೆ ಬೆಳೆಯಲಾರದ ಸಾಲಿನಿಸ್ಪೋರಾ ಎಂಬ ಬ್ಯಾಕ್ಟೀರಿಯಾದಿಂದ ಬಂದ ಕ್ಯಾನ್ಸರ್ ಔಷಧ ಮರಿಜೊಮಿಬ್ ಮನುಷ್ಯರ ಮೇಲಿನ ಮೂರನೆಯ ಹಂತದ ಪರೀಕ್ಷೆಯವರೆಗೆ ನಡೆದುಹೋಗಿ, ಮಿದುಳಿನ ಗಡ್ಡೆಯ ರೋಗಿಗಳ ಆಯುಷ್ಯವನ್ನು ಹೆಚ್ಚಿಸಲಾರದೆ ನಿಂತಿತು. ಆ್ಯಂಟಿಬಯಾಟಿಕ್‌ಗಳ ಪೈಕಿ, ಕಡಲ ಬ್ಯಾಕ್ಟೀರಿಯಾಗಳಿಂದ ಬಂದು ಅಷ್ಟು ದೂರ ಹೋದವೂ ವಿರಳ.

ಇಲ್ಲಿ ಸುದ್ದಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ಸಂಗತಿಯಿದೆ. ಮೇಲೆ ಹೇಳಿದ ಮೂರೂ ಆ್ಯಂಟಿಬಯಾಟಿಕ್ ವಸ್ತುಗಳು ಮುಖ್ಯವಾಗಿ ಗ್ರಾಂ-ಪಾಸಿಟಿವ್ ಎಂದು ಕರೆಯುವ ರೋಗಾಣುಗಳ ಮೇಲೆ ಕೆಲಸ ಮಾಡುತ್ತವೆ. ನಮ್ಮ ದೇಶದ ಐಸಿಯುಗಳಲ್ಲಿ ವೈದ್ಯರು ಕೈಚೆಲ್ಲುವಂತೆ ಮಾಡುತ್ತಿರುವ ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ಗಳಾದರೋ ಗ್ರಾಂ-ನೆಗೆಟಿವ್ ಗುಂಪಿನವು. ಇವುಗಳ ಮೈಗೆ ಹೊರಗೊಂದು ಹೆಚ್ಚುವರಿ ಪೊರೆಯಿದ್ದು, ಹೆಚ್ಚಿನ ಔಷಧಗಳು ಒಳಹೋಗುವುದೇ ಇಲ್ಲ. ಹೋದರೂ ಪಂಪಿನಂಥ ಪ್ರೋಟೀನುಗಳು ಅವನ್ನು ಹೊರದಬ್ಬುತ್ತವೆ. ಈ ಗುಂಪು ತರುವ ಇಂಥ ಗಂಭೀರ ಸೋಂಕುಗಳಿಗೆ ಸಂಪೂರ್ಣ ಹೊಸ ವರ್ಗದ ಆ್ಯಂಟಿಬಯಾಟಿಕ್ ಬಳಕೆಗೆ ಬಂದು ದಶಕಗಳೇ ಕಳೆದಿವೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಅಪಾಯಕಾರಿ ರೋಗಾಣುಗಳ ಪಟ್ಟಿಯ ಮೊದಲ ಸಾಲಿನಲ್ಲಿರುವವು, ಗಂಭೀರ ಸೋಂಕಿಗೆ ಕೊಡುವ ಪ್ರಬಲ ಆ್ಯಂಟಿಬಯಾಟಿಕ್ ಆದ ಕಾರ್ಬಪೆನೆಮ್‌ಗೆ ಬಗ್ಗದ ಅಸಿನೆಟೊಬ್ಯಾಕ್ಟರ್, ಕಾರ್ಬಪೆನೆಮ್‌ಗೂ ಮೂರನೆಯ ತಲೆಮಾರಿನ ಸೆಫಲೊಸ್ಪೋರಿನ್‌ಗೂ ಬಗ್ಗದ ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲಿ ಬಳಗ, ಜೊತೆಗೆ ಕ್ಷಯದ ಮುಖ್ಯ ಔಷಧ ರಿಫಾಂಪಿಸಿನ್‌ಗೆ ಬಗ್ಗದ ಕ್ಷಯದ ರೋಗಾಣು. ಕಾಲ್ಯಾರಿಯ ಬೂಸ್ಟು ಕೊಟ್ಟ ಔಷಧದ ಮನೆತನವೇ ಈಗ ಸೋತವರ ಪಟ್ಟಿಯಲ್ಲಿದೆ. ಹೀಗಿರುವಾಗ ಹೊಸ ವಸ್ತು ಯಾವ ಗುಂಪಿನ ರೋಗಾಣುವನ್ನು ಕೊಲ್ಲುತ್ತದೆ ಎಂಬುದನ್ನು ಹೇಳದೆ 'ಸೂಪರ್‌ಬಗ್‌ಗೆ ಮದ್ದು' ಎಂದು ಬರೆಯುವುದು ಓದುಗರಿಗೆ ಅರ್ಧ ಮಾತು ಹೇಳಿದಂತೆ.

ಪರಿಣಾಮದ ಗಾತ್ರವನ್ನೂ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. 2022ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, 2019ರ ಒಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳ ನೇರ ಕಾರಣದಿಂದ ಜಗತ್ತಿನಲ್ಲಿ 12.7 ಲಕ್ಷ ಜನ ತೀರಿಕೊಂಡರು.

ವಸ್ತುವಿನ ಗುಣ ಒಂದು ತೊಡಕಾದರೆ ಹಣ ಇನ್ನೊಂದು, ಬಹುಶಃ ಅದಕ್ಕಿಂತ ದೊಡ್ಡದು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ರೋಗಿ ಜೀವನಪೂರ್ತಿ ನುಂಗುತ್ತಾನೆ. ಆ್ಯಂಟಿಬಯಾಟಿಕ್ಕನ್ನು ವಾರವೋ ಹತ್ತು ದಿನವೋ ತೆಗೆದುಕೊಳ್ಳುತ್ತಾನೆ. ಅದರಲ್ಲೂ ಹೊಸ ಆ್ಯಂಟಿಬಯಾಟಿಕ್ಕನ್ನು ಬೇರೆ ಯಾವುದೂ ಕೆಲಸ ಮಾಡದಿದ್ದಾಗ ಮಾತ್ರ ಬಳಸಬೇಕು. ಚಿಕಿತ್ಸೆಯ ದೃಷ್ಟಿಯಿಂದ ಇದೇ ಸರಿ, ವ್ಯಾಪಾರದ ದೃಷ್ಟಿಯಿಂದ ಮಾತ್ರ ಇದು ದಿವಾಳಿಯ ಹಾದಿ. ಅಕಾಜೆನ್ ಎಂಬ ಅಮೆರಿಕದ ಕಂಪನಿಯ ಪ್ಲಾಜೊಮೈಸಿನ್‌ಗೆ 2018ರ ಜೂನ್‌ನಲ್ಲಿ ಅಲ್ಲಿನ ಸರ್ಕಾರದ ಅನುಮತಿ ದೊರೆಯಿತು, 2019ರ ಏಪ್ರಿಲ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆ ಔಷಧದ ಹಕ್ಕನ್ನು ಕೊಂಡವರಲ್ಲಿ ನಮ್ಮ ಸಿಪ್ಲಾ ಬಳಗವೂ ಇದೆ. ಗೆದ್ದ ಕಂಪನಿಯ ಗತಿಯೇ ಇದಾದರೆ, ಸಮುದ್ರದ ತಳದಿಂದ ಕೆಸರು ತೆಗೆಯುವವರಿಗೆ ಬಂಡವಾಳ ಹೂಡುವವರು ಯಾರು? ಬ್ರಿಟನ್ 2022ರಿಂದ ಬೇರೊಂದು ದಾರಿ ಹಿಡಿದಿದೆ. ಎರಡು ಹೊಸ ಆ್ಯಂಟಿಬಯಾಟಿಕ್‌ಗಳಿಗೆ, ಎಷ್ಟು ಸೀಸೆ ಖರ್ಚಾಯಿತು ಎಂದು ಲೆಕ್ಕ ಹಾಕದೆ, ತಲಾ ವರ್ಷಕ್ಕೆ ಗರಿಷ್ಠ 1 ಕೋಟಿ ಪೌಂಡ್‌ನಂತೆ ಚಂದಾ ಕಟ್ಟಲು ಆ ವರ್ಷ ಒಪ್ಪಿಕೊಂಡಿತು. ಅಗ್ನಿಶಾಮಕ ದಳಕ್ಕೆ ಬೆಂಕಿ ಬಿದ್ದ ಲೆಕ್ಕದಲ್ಲಿ ಸಂಬಳ ಕೊಡುವುದಿಲ್ಲವಲ್ಲ, ಹಾಗೆ. ಭಾರತದಂಥ ದೇಶ ಅಷ್ಟು ಮೊತ್ತ ಕೊಡಲಾರದು ಎಂಬ ವಾದವನ್ನು ಒಪ್ಪಬಹುದು. ಆದರೆ ಆ ತತ್ವವನ್ನು ಇಲ್ಲಿನ ಅಳತೆಗೆ ತಕ್ಕಂತೆ ಚರ್ಚಿಸಲೂ ನಾವು ಆರಂಭಿಸಿಲ್ಲ ಎಂಬುದು ನನಗೆ ಸರಿಕಾಣುವುದಿಲ್ಲ.

ಇನ್ನು ನಮ್ಮ ಕರಾವಳಿಯ ವಿಷಯ. ಕಾರವಾರದಿಂದ ಮಂಗಳೂರಿನವರೆಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ತೀರ ನಮ್ಮದು. ಕಾಳಿ ಮತ್ತು ಶರಾವತಿಯ ಅಳಿವೆಗಳಿವೆ, ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆ, ಅದರ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಳಚು ಎಂಬ ಚಿಪ್ಪುಜೀವಿಯನ್ನು ಆಯುವ ಕೆಸರು ಬಯಲುಗಳಿವೆ, ಮುರ್ಡೇಶ್ವರದಾಚೆ ಹವಳವಿರುವ ನೇತ್ರಾಣಿ ದ್ವೀಪವಿದೆ. ಕಾರವಾರದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜೂ ದಶಕಗಳಿಂದ ಕೆಲಸ ಮಾಡುತ್ತಿವೆ. ಇಂಥ ಕಡೆಗಳಿಂದ ಕಾಂಡ್ಲಾ ಬುಡದ ಕೆಸರಿನ ಬ್ಯಾಕ್ಟೀರಿಯಾ, ಸ್ಪಂಜಿನ ಮೇಲಿನ ಬ್ಯಾಕ್ಟೀರಿಯಾ ರೋಗಾಣುಗಳನ್ನು ತಡೆದವು ಎಂಬ ಪ್ರಬಂಧಗಳು ಬರುತ್ತಲೇ ಇರುತ್ತವೆ. ಪ್ರಬಂಧ ಅಚ್ಚಾದ ಮೇಲೆ ಆ ತಳಿಯ ಗತಿ ಏನು? ನಾನು ಕಂಡಂತೆ, ವಿದ್ಯಾರ್ಥಿ ಪದವಿ ಪಡೆದು ಬೇರೆ ಊರಿಗೆ ಹೋಗುತ್ತಾನೆ, ಯೋಜನೆಯ ಹಣ ಮುಗಿಯುತ್ತದೆ, ಮಳೆಗಾಲದಲ್ಲಿ ಕರೆಂಟು ಎರಡು ದಿನ ಹೋದರೆ ಫ್ರೀಜರಿನಲ್ಲಿದ್ದ ತಳಿಗಳು ಸತ್ತುಹೋಗುತ್ತವೆ. ನನಗೆ ಪರಿಚಯವಿದ್ದ ಒಂದು ಪ್ರಯೋಗಾಲಯದಲ್ಲಿ ಹಲವು ವರ್ಷ ಕೂಡಿಟ್ಟ ಕಡಲ ಬ್ಯಾಕ್ಟೀರಿಯಾಗಳ ಸಂಗ್ರಹ ಹೀಗೆಯೇ ಹಾಳಾಯಿತು. ಉಳಿದದ್ದು ಪ್ರಬಂಧದಲ್ಲಿ ಮುದ್ರಿತವಾದ ಹೆಸರುಗಳು ಮಾತ್ರ. ತಟ್ಟೆಯ ಮೇಲೆ ಮೂಡಿದ ತಡೆವಲಯದ, ಅಂದರೆ ರೋಗಾಣು ಬೆಳೆಯದೆ ಉಳಿದ ಖಾಲಿ ಜಾಗದ, ಅಗಲವನ್ನು ಮಿಲಿಮೀಟರಿನಲ್ಲಿ ಅಳೆದು ಬರೆಯುವುದು ಒಂದು ಪದವಿಗೆ ಸಾಕಾಗಬಹುದು, ಔಷಧಕ್ಕೆ ಸಾಲದು. ಅದನ್ನು ಮಾಡಿದ ಅಣು ಯಾವುದು, ಅದು ಹೊಸದೇ, ಮನುಷ್ಯನ ಜೀವಕೋಶಕ್ಕೆ ವಿಷವೇ, ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ನೋಡಲು ರಸಾಯನಶಾಸ್ತ್ರಜ್ಞರು, ಅಣುವಿನ ತೂಕ ಅಳೆದು ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಂಥ ದುಬಾರಿ ಯಂತ್ರಗಳು, ಪ್ರಾಣಿ ಪರೀಕ್ಷೆಯ ವ್ಯವಸ್ಥೆ ಬೇಕು. ಕರಾವಳಿಯ ಕಾಲೇಜೊಂದು ಇದನ್ನೆಲ್ಲ ತಾನೊಬ್ಬನೇ ಮಾಡಲಿ ಎಂದು ಅಪೇಕ್ಷಿಸುವುದು ತಪ್ಪು.

ಆದರೆ ಇವೆಲ್ಲವೂ ಬೆಂಗಳೂರಿನಲ್ಲಿವೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ಬೆಂಬಲದ ಸಿ-ಕ್ಯಾಂಪ್ ಸಂಸ್ಥೆ, ಹೊಸ ಆ್ಯಂಟಿಬಯಾಟಿಕ್‌ಗಳಿಗೆ ಹಣ ಒದಗಿಸುವ ಕಾರ್ಬ್-ಎಕ್ಸ್ ಎಂಬ ಅಂತಾರಾಷ್ಟ್ರೀಯ ಕೂಟದ ಪಾಲುದಾರ. ಆಸ್ಟ್ರಾಜೆನೆಕಾ ಕಂಪನಿ 2014ರಲ್ಲಿ ಬೆಂಗಳೂರಿನ ತನ್ನ ಸಂಶೋಧನಾ ಕೇಂದ್ರವನ್ನು ಮುಚ್ಚುವುದಾಗಿ ಹೇಳಿದಾಗ ಅಲ್ಲಿ ದುಡಿದಿದ್ದ ಕೆಲವರು ಸೇರಿ ಕಟ್ಟಿದ ಬಗ್‌ವರ್ಕ್ಸ್ ಇಂದಿಗೂ ಹೊಸ ಆ್ಯಂಟಿಬಯಾಟಿಕ್‌ಗಾಗಿ ಕೆಲಸ ಮಾಡುತ್ತಿದೆ. ಇಷ್ಟು ಬಲ್ಲವರು ರಾಜ್ಯದ ಒಂದು ತುದಿಯಲ್ಲಿ, ಕಡಲು ಇನ್ನೊಂದು ತುದಿಯಲ್ಲಿ. ನಡುವೆ ತಳಿಗಳು ಸಾಗುವ ಖಾಯಂ ವ್ಯವಸ್ಥೆ ಇಲ್ಲ. ಕನ್ನಡ ನಾಡಿನವರೇ ಆದ ಎಂ. ಜೆ. ತಿರುಮಲಾಚಾರ್ ಪುಣೆಯ ಪಕ್ಕದ ಪಿಂಪ್ರಿಯ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿದ್ದಾಗ ಅಲ್ಲಿನ ಮಣ್ಣಿನ ಸ್ಟ್ರೆಪ್ಟೊಮೈಸಿಸ್‌ನಿಂದ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕ ಔಷಧವನ್ನು ಕಂಡುಹಿಡಿದಿದ್ದರು. ಬ್ಯಾಕ್ಟೀರಿಯಾ ಹುಡುಕುವವರು, ಅದರ ರಸಾಯನವನ್ನು ಬಿಡಿಸುವವರು, ಅದನ್ನು ಪೀಪಾಯಿಗಳಲ್ಲಿ ಹುದುಗಿಸಿ ತಯಾರಿಸುವವರು ಒಂದೇ ಆವರಣದಲ್ಲಿದ್ದರು ಎಂಬುದು ಆ ಯಶಸ್ಸಿನ ಒಂದು ಕಾರಣ ಎಂದು ನನ್ನ ಎಣಿಕೆ.

ಆದ್ದರಿಂದ ರಾಜ್ಯ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಾಡಬಹುದಾದ ಮೊದಲ ಕೆಲಸ ತೀರ ಸಣ್ಣದು: ಕರಾವಳಿಯ ಯಾವುದಾದರೂ ಒಂದು ಸಂಸ್ಥೆಯಲ್ಲಿ, ಎರಡೆರಡು ಕಡೆ ಪ್ರತಿಯಿಟ್ಟು, ಜನರೇಟರ್ ಸಮೇತ, ಖಾಯಂ ಸಿಬ್ಬಂದಿಯೊಡನೆ ಒಂದು ಕಡಲ ಸೂಕ್ಷ್ಮಜೀವಿ ಸಂಗ್ರಹಾಲಯವನ್ನು ತೆರೆಯಬೇಕು. ಸರ್ಕಾರದ ಹಣದಿಂದ ನಡೆದ ಯಾವುದೇ ಸಂಶೋಧನೆಯಲ್ಲಿ ದೊರೆತ ತಳಿಯನ್ನು ಅಲ್ಲಿ ಜಮಾ ಮಾಡದೆ ಅಂತಿಮ ಕಂತಿನ ಹಣ ಬಿಡುಗಡೆಯಾಗಬಾರದು. ಅಲ್ಲಿಂದ ಆಯ್ದ ತಳಿಗಳ ಜೀನೋಮನ್ನು ಬೆಂಗಳೂರಿನಲ್ಲಿ ಓದಿಸಿದರೆ, ಯಾವುದರ ಮೇಲೆ ಶ್ರಮ ಹಾಕಬೇಕು ಎಂಬುದು ವರ್ಷಗಳ ಮೊದಲೇ ಗೊತ್ತಾಗುತ್ತದೆ. ಪರೀಕ್ಷೆಗೆ ಸುಲಭವಾಗಿ ಸಾಯುವ ರೋಗಾಣುಗಳನ್ನು ಬಿಟ್ಟು, ನಮ್ಮದೇ ಆಸ್ಪತ್ರೆಗಳಿಂದ ಬಂದ, ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾದಂಥವನ್ನು ಮೊದಲ ದಿನದಿಂದಲೇ ಬಳಸಬೇಕು. ಕೇಂದ್ರ ಸರ್ಕಾರ 2021ರಲ್ಲಿ 4,077 ಕೋಟಿ ರೂಪಾಯಿ ವೆಚ್ಚದ ಅಂದಾಜಿನೊಂದಿಗೆ ಒಪ್ಪಿಗೆ ನೀಡಿದ ಆಳ ಸಾಗರ ಯೋಜನೆಯಲ್ಲಿ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ಮತ್ಸ್ಯ ನೌಕೆಯದೇ ಮಾತು ಹೆಚ್ಚು ಕೇಳಿಬರುತ್ತದೆ; ಆಳದ ಜೀವಿಗಳ, ಸೂಕ್ಷ್ಮಜೀವಿಗಳ ಶೋಧವೂ ಅದರ ಒಂದು ಅಂಗ ಎಂಬುದು ಮರೆತೇಹೋಗಿದೆ. ನಮ್ಮ ವಿಶ್ವವಿದ್ಯಾಲಯಗಳು ಅದರಲ್ಲಿ ಪಾಲು ಕೇಳಬೇಕು.

ಪಾಲಿನ ಮಾತು ಬಂದಾಗ ಇನ್ನೊಂದು ವಿಚಾರ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಇಲ್ಲಿನ ಜೀವಿ ಸಂಪನ್ಮೂಲದಿಂದ ಲಾಭ ಬಂದರೆ ಸ್ಥಳೀಯರಿಗೆ ಅದರಲ್ಲಿ ಹಂಚಿಕೆಯಿರಬೇಕು, ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅಳಿವೆಯ ಕೆಸರಿನಲ್ಲಿ ಬಳಚು ಆಯುವ ಹೆಂಗಸರಿಗೆ ತಮ್ಮ ಕಾಲಡಿಯ ಕೆಸರಿಗೆ ಇಂಥದೊಂದು ಬೆಲೆ ಬರಬಹುದು ಎಂಬುದು ತಿಳಿದಿದ್ದರೆ, ಆ ಅಳಿವೆಗೆ ಊರಿನ ಕೊಳಚೆ ಬಿಡುವಾಗ, ಕಾಂಡ್ಲಾ ಕಡಿಯುವಾಗ ಪ್ರಶ್ನಿಸುವ ಬಲವೂ ಅವರಿಗೆ ಹೆಚ್ಚುತ್ತದೆ. ಕೊಳಚೆಯ ಜೊತೆಗೆ ಆಸ್ಪತ್ರೆಗಳ, ಸಿಗಡಿ ಹೊಂಡಗಳ ಆ್ಯಂಟಿಬಯಾಟಿಕ್ ಶೇಷವೂ ಅಳಿವೆ ಸೇರಿದರೆ, ಮದ್ದು ಹುಡುಕಲು ಹೋದ ಜಾಗದಲ್ಲೇ ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಯಾವ ಹೊಸ ಔಷಧ ಬಂದರೂ, ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರುವ ಪದ್ಧತಿ ಹೀಗೇ ಮುಂದುವರಿದರೆ ಅದೂ ಕೆಲವೇ ವರ್ಷಗಳಲ್ಲಿ ಸೆಫಿಕ್ಸಿಮ್‌ನ ಹಾದಿ ಹಿಡಿಯುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಯದಾಗಿ ತಮ್ಮ ಪತ್ರಿಕೆಯಲ್ಲಿ ನನ್ನದೊಂದು ಕೋರಿಕೆ. ಇಂಥ ಶೋಧದ ಸುದ್ದಿ ಬರೆಯುವಾಗ, ಅದು ತಟ್ಟೆಯ ಮೇಲಿನ ಫಲಿತಾಂಶವೋ, ಇಲಿಯ ಮೇಲಿನದೋ, ಮನುಷ್ಯರ ಮೇಲೆ ನಡೆದ ಎಷ್ಟನೆಯ ಹಂತದ ಪರೀಕ್ಷೆಯೋ ಎಂಬುದನ್ನು ಮೊದಲ ಪ್ಯಾರಾದಲ್ಲೇ ತಿಳಿಸಿ. ಯಾವ ಗುಂಪಿನ ರೋಗಾಣುವಿನ ಮೇಲೆ ಅದು ಕೆಲಸ ಮಾಡಿತು ಎಂಬುದನ್ನೂ ಹೇಳಿ. ಸಾಧ್ಯವಾದರೆ, ಕರಾವಳಿಯ ಸಂಸ್ಥೆಗಳಲ್ಲಿ ಇದುವರೆಗೆ ವರದಿಯಾದ ಕಡಲ ಬ್ಯಾಕ್ಟೀರಿಯಾಗಳಲ್ಲಿ ಎಷ್ಟು ಇಂದಿಗೂ ಜೀವಂತವಾಗಿವೆ, ಎಲ್ಲಿವೆ ಎಂದು ತಮ್ಮ ವರದಿಗಾರರೊಬ್ಬರು ಸಂಬಂಧಪಟ್ಟ ಇಲಾಖೆಯನ್ನು ಕೇಳಿ ಬರೆಯಲಿ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸೂಕ್ಷ್ಮಜೀವಿಶಾಸ್ತ್ರ ಅಧ್ಯಾಪಕ,
ಕುಮಟಾ, ಉತ್ತರ ಕನ್ನಡ ಜಿಲ್ಲೆ